ಹಿಂದಿನ ಕೋಣೆಯ ಮಕ್ಕಳು

ಜೂನ್ 15, 1982, ಮಂಗಳವಾರ, ಸಂಜೆ

ಕೊಡುತ್ತೇವೆ ಎಂದದ್ದು: ಮಾತು ಕಲಿಸುವ ಟೀಚರು. ತಿಂಗಳಿಗೊಮ್ಮೆ ಡಾಕ್ಟರ ಪರೀಕ್ಷೆ. ಅಧ್ಯಯನ ಮುಗಿದ ಮೇಲೆ ಸರ್ಕಾರದ್ದೇ ಒಂದು ಶಾಲೆ. ಮಗುವಿಗೆ ಏನಾಗಿದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳುವುದು.

ಕೊಟ್ಟದ್ದು: ಒಂದು ಲೋಟ ಹಾಲು. ಬ್ರೆಡ್ಡು.

ಕೊಡದೇ ಉಳಿದದ್ದು: ಮೇಲೆ ಬರೆದದ್ದೆಲ್ಲ.

ನಮ್ಮ ದಲಿತ ಸಂಘದ ಕರಪತ್ರ ಬರೆದು ಬರೆದು ಕೈಗೆ ಇದೇ ಚಾಳಿ. ಸ್ವಂತ ದಿನಚರಿಯೂ ಬೇಡಿಕೆಪಟ್ಟಿ. ಇರಲಿ. ಇದನ್ನು ಯಾರಿಗೂ ಹಂಚುವುದಿಲ್ಲ.

ಇವತ್ತೂ ಹೋಗಿ ಬಂದೆವು. ಕೊನೇ ಪೀರಿಯಡ್ ಬಿಟ್ಟು ಹೊರಟರೆ ಹೆಡ್ಮಾಸ್ಟರ ಮುಖ ಗಂಟು. ಚಾಮರಾಜಪೇಟೆಯ ಕಾರ್ಪೊರೇಷನ್ ಶಾಲೆಯಲ್ಲಿ ಊರ ಮಕ್ಕಳಿಗೆಲ್ಲ ಅ ಆ ಹೇಳಿಕೊಡುವವಳು ನಾನು. ನನ್ನ ಮಗಳು ಹೊನ್ನಿಯನ್ನು ಅದೇ ಬೆಂಚಿನಲ್ಲಿ ಕೂರಿಸುವ ಹಾಗಿಲ್ಲ. "ಇಂಥಾ ಮಕ್ಳನ್ನ ಸೇರಿಸ್ಕೊಳ್ಳೋಕೆ ರೂಲ್ ಇಲ್ಲ ಅಂಜಿನಮ್ನೋರೆ." ಯಾವ ರೂಲು, ಯಾರು ಬರೆದದ್ದು — ತೋರಿಸಿಲ್ಲ.

ಗವಿಪುರಂ ಗುಟ್ಟಹಳ್ಳಿಯ ಮನೆಗೆ ಓಡಿ, ಹೊನ್ನಿಯ ಕೈ ಹಿಡಿದು, ಬಸವನಗುಡಿಗೆ ನಡಿಗೆ. ಬಾಡಿಗೆ ಮನೆ. ಗೇಟಿಗೆ ನೀಲಿ ಬೋರ್ಡು — ಬಾಲ್ಯದ ಆಟಿಸಂ: ಅಧ್ಯಯನ ಹಾಗೂ ಚಿಕಿತ್ಸಾ ಯೋಜನೆ. ಅಂಗವಿಕಲರ ವರ್ಷ ಎಂದು ಕಳೆದ ವರ್ಷವೆಲ್ಲ ಬಾವುಟ ಹಾರಿಸಿದರಲ್ಲ, ಅದರ ಕೊನೆಯಲ್ಲಿ ಮಂತ್ರಿ ಬಂದು ರಿಬ್ಬನ್ ಕತ್ತರಿಸಿದ ಮನೆ. ಮುಂದಿನ ಕೋಣೆಗೆ ಯಾವಾಗಲೂ ಬೀಗ. ಆಫೀಸು ಇರಬೇಕು. ನಮ್ಮ ಮಕ್ಕಳು ಹಿಂದಿನ ಕೋಣೆ. ನೆಲದ ಮೇಲೆ ಜಮಖಾನ. ಎರಡು ಕುರ್ಚಿ. ಅವುಗಳ ಮೇಲೆ ಇಬ್ಬರು ಹುಡುಗರು, ಕೈಯಲ್ಲಿ ಪೆನ್ನು. ಮಕ್ಕಳನ್ನು ನೋಡುತ್ತಾರೆ, ಬರೆಯುತ್ತಾರೆ. ಮಕ್ಕಳ ಜೊತೆ ಮಾತಾಡುವುದಿಲ್ಲ. ಹೀಗೆ ನೋಡಿ ನೋಡಿ, ಆಮೇಲೆ ಚಿಕಿತ್ಸೆ — ಹಾಗಂದಿದ್ದಾರೆ. ವಿಜ್ಞಾನ ನಿಧಾನ. ಕಾಯುತ್ತಿದ್ದೇವೆ.

ಹೊನ್ನಿಗೆ ಬರುವ ಮಾರ್ಚಿಗೆ ಏಳು. ಏಳರೊಳಗೆ ಮಾತು ಹಿಡಿಯಬೇಕು, ಆಮೇಲೆ ಕಷ್ಟ ಎಂದು ಮೊದಲ ದಿನವೇ ಹೇಳಿದ್ದರು ಡಾಕ್ಟರು. ಅದೊಂದನ್ನು ಮಾತ್ರ ಕನ್ನಡದಲ್ಲಿ ಹೇಳಿದ್ದರು.

ಮನೆಗೆ ಬಂದರೆ ಅತ್ತೆ ನರಸಮ್ಮ ಹೊಸಿಲಲ್ಲೇ —

"ಏನಂತವ್ವ ನಿನ್ನ ಸರ್ಕಾರ?"

"ನೋಡ್ತಾವ್ರೆ."

"ನಾನೂ ನೋಡ್ತಾವ್ನಿ, ಆರೊರ್ಸದಿಂದ. ನಂಗ್ಯಾಕೆ ಸಂಬ್ಳ ಕೊಡಕಿಲ್ಲ?"

ಜೂನ್ 20, ಭಾನುವಾರ

ಸಂಘದ ಸಭೆ. ವಿಷಯ: ಮೂಢನಂಬಿಕೆ. ನನ್ನನ್ನೇ ಮಾತಾಡಿಸಿದರು. ನಲ್ಲಿಕಟ್ಟೆಯ ಹತ್ತಿರ ನಿಂತು ಹೆಂಗಸರಿಗೆ ಹೇಳಿದ್ದನ್ನೇ ಮತ್ತೆ ಹೇಳಿದೆ. ಮಗು ಮಾತಾಡದಿದ್ದರೆ ಮಾರಮ್ಮನಿಗೆ ಕೋಳಿ ಕೊಯ್ಯಬೇಡಿ, ತಾಯತ ಕಟ್ಟಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ದುಡ್ಡು ನಮ್ಮ ದುಡ್ಡು, ಸರ್ಕಾರದ ವಿಜ್ಞಾನ ನಮ್ಮ ಹಕ್ಕು. ಚಪ್ಪಾಳೆ.

ಹೂ ಮಾರುವ ಬೈರಮ್ಮ ತನ್ನ ಮಗ ಚಲುವರಾಜುವನ್ನು ಅಧ್ಯಯನಕ್ಕೆ ಸೇರಿಸಿದ್ದು ಈ ಮಾತು ಕೇಳಿಯೇ. ಕೇರಿಯ ಇನ್ನೂ ಕೆಲವರು. ಭೂಮಿ ವಿಷಯದಲ್ಲಿ ಸರ್ಕಾರವನ್ನು ನಂಬದವರು ನಾವು. ಪೊಲೀಸರನ್ನು ನಂಬದವರು. ರೇಷನ್ ಅಂಗಡಿಯ ತಕ್ಕಡಿಯನ್ನೂ ನಂಬದವರು. ವಿಜ್ಞಾನ ಎಂದ ಕೂಡಲೇ ನಂಬಿದೆವು.

ಶಿವಲಿಂಗಯ್ಯಣ್ಣ ಬೆನ್ನು ತಟ್ಟಿದ. "ಚೆನ್ನಾಗ್ ಮಾತಾಡಿದ್ರಿ ಅಕ್ಕಾ." ನಾನು ಟಿ.ಸಿ.ಎಚ್. ಓದುವಾಗಿನಿಂದ ಗೊತ್ತು ಅವನು. ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡಿದ್ದ. ಆ ರೂಮಿನಲ್ಲೇ ಸಂಘ ಹುಟ್ಟಿದ್ದು. ಮೈಕು ಹಿಡಿಯುವುದು ಹೇಗೆ, ಲಾಠಿ ಬಂದಾಗ ತಲೆ ಎಲ್ಲಿ ಇಡಬೇಕು — ಕಲಿಸಿದವನು ಅವನು. ಈಗ ಸಂಘದ ಸಂಚಾಲಕ. ಕಾಲೇಜಿನಲ್ಲಿ ಪಾಠ.

ಜೂನ್ 29, ಮಂಗಳವಾರ

ಹೊನ್ನಿಗೆ ಜ್ವರ. ಹೋಗಲಿಲ್ಲ. ಒಂದು ವಾರ ತಪ್ಪಿದರೆ ಅವರ ಲೆಕ್ಕ ಕೆಡುತ್ತದೋ ಏನೋ. ಶುಕ್ರವಾರ ರಜೆ ಹಾಕಿ ಕರೆದುಕೊಂಡು ಹೋಗುವುದು.

ಜುಲೈ 2, ಶುಕ್ರವಾರ

ಕಂಡದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಗೇಟಿನಲ್ಲೇ ವಾಚ್‌ಮನ್ ತಡೆದ. "ಇವತ್ತು ನಿಮ್ದಲ್ಲಮ್ಮ." ನಮ್ಮದಲ್ಲದ ದಿನ ಯಾವುದು? ತಳ್ಳಿಕೊಂಡು ಹೋದೆ.

ಬೀಗದ ಕೋಣೆಯ ಬಾಗಿಲು ತೆರೆದಿತ್ತು.

ಗೋಡೆಯಗಲ ಕನ್ನಡಿ. ಬಲೂನು, ಪುಟ್ಟ ತಮಟೆ, ಮರದ ಹಣ್ಣುಗಳು. ಕನ್ನಡಿ ಮುಂದೆ ಒಬ್ಬ ಮೇಡಂ, ತೊಡೆಯ ಮೇಲೆ ಒಬ್ಬ ಹುಡುಗ. ಮೇಡಂ ಅವನ ಅಂಗೈ ತನ್ನ ತುಟಿಯ ಹತ್ತಿರ ಹಿಡಿದು — ಪ… ಪ… ಪ… ಹುಡುಗ ನಕ್ಕ. ಪ ಅಂದ. ಪಾಪು ಅಂದ.

ವರಾಂಡದಲ್ಲಿ ಕುರ್ಚಿಗಳು. ನಮಗೆ ಇರುವುದು ಬೆಂಚು. ಒಂದು ಕುರ್ಚಿಯಲ್ಲಿ ಉಲ್ಲನ್ ಹೆಣೆಯುತ್ತ ಒಬ್ಬರು. ನಗುತ್ತಲೇ ಮಾತಾಡಿಸಿದರು.

"ಹೊಸಬ್ರಾ? ಯಾವ ಡಾಕ್ಟ್ರು ಕಳ್ಸಿದ್ದು?"

"ಜನವರಿಯಿಂದ ಬರ್ತಿದೀನಿ. ಮಂಗಳವಾರ."

"ಮಂಗಳವಾರಾನೂ ಇದ್ಯಾ? ನಮ್ಗೆ ಸೋಮವಾರ, ಬುಧವಾರ, ಶುಕ್ರವಾರ. ನಿಮ್ ಮಗೂಗೆ ಯಾವ ಮೇಡಂ?"

"ಮೇಡಂ ಇಲ್ಲ. ಇಬ್ರು ಹುಡುಗ್ರು ಕೂತು ಬರೀತಾರೆ."

"ಬರ್ದು?"

"ಬರ್ದು ಮನೆಗೆ ಹೋಗ್ತಾರೆ."

ಅವರಿಗೆ ಇನ್ನೂ ತಿಳಿದಿರಲಿಲ್ಲ. ಕೋಕಿಲಾ ಅಂತ ಹೆಸರು. ಹತ್ತಿರದಲ್ಲೇ ಮನೆ. ಕನ್ನಡಿ ಮುಂದಿನ ಹುಡುಗ ಅವರ ಮಗ ರಾಮಾನುಜ. "ಸೇರಿಸಿದಾಗ ಒಂದಕ್ಷರ ಇರ್ಲಿಲ್ಲ ರೀ. ಈಗ ‘ಅಮ್ಮ ನೀರು’ ಅಂತಾನೆ. ಎರಡೂ ಸೇರ್ಸಿ!" ಹೇಳುತ್ತ ಹೇಳುತ್ತ ನನ್ನ ಮುಖ ನೋಡಿದರು. ಉಲ್ಲನ್ ಕಡ್ಡಿ ನಿಂತಿತು.

ಹೊನ್ನಿ ನನ್ನ ಕೈ ಬಿಡಿಸಿಕೊಂಡು ಒಳಗೆ ಹೋಗಿ ಕನ್ನಡಿಗೆ ಕೆನ್ನೆ ಒತ್ತಿ ನಿಂತಳು. ಯಾರೋ ಆಯಾ ಬಂದು ಎತ್ತಿ ಹೊರಗೆ ತಂದು ನಿಲ್ಲಿಸಿದಳು.

ಜುಲೈ 3, ಶನಿವಾರ

ಗಂಡ ಓಬಳಪ್ಪನಿಗೆ ಬೆಳಿಗ್ಗೆ ಹೇಳಿದೆ. ಡ್ಯೂಟಿಗೆ ಹೊರಟಿದ್ದವನು ಟಿಕೆಟ್ ಚೀಲ ಹೆಗಲಿಂದ ಇಳಿಸಿ ಕೂತ. ಬಿ.ಟಿ.ಎಸ್. ಕಂಡಕ್ಟರು. ಎಂಥ ರಶ್ಶಿನಲ್ಲೂ ನಗಿಸುವವನು. ನಗಲಿಲ್ಲ.

"ಹಂಗಾರೆ ನಮ್ ಮಗು ಯಾಕೆ ಬೇಕಾಗಿತ್ತು ಅವ್ರಿಗೆ?"

ಹೊನ್ನಿ ಅವನ ಮಡಿಲಿಗೆ ಬಂದು ಚೀಲದ ಪಟ್ಟಿ ಎಳೆದಳು. "ರೈಟ್," ಅಂದಳು. ಅವಳಿಗೆ ಇರುವುದು ಎರಡೇ ಮಾತು, ಎರಡೂ ಅಪ್ಪನ ಬಸ್ಸಿನದು. ಹೋಗಬೇಕು, ಬೇಕು, ಸರಿ — ಎಲ್ಲಕ್ಕೂ ರೈಟ್. ಸಾಕು, ನೋವು, ಬೇಡ — ಹೋಲ್ಡಾನ್. ಹಿಂದಿನ ಕೋಣೆಯ ಹುಡುಗರು ಅವಳ ಬಗ್ಗೆ ಬರೆದಿರುವುದು "ಮಾತಿಲ್ಲ" ಎಂದು. ಅಲ್ಲಿ ಅವಳು ಮಾತಾಡಲು ಯಾರಾದರೂ ಏನಾದರೂ ಕೇಳಬೇಕಲ್ಲ.

ಜುಲೈ 6, ಮಂಗಳವಾರ

ನಿರ್ದೇಶಕ ಡಾಕ್ಟರ್ ಚಕ್ರಪಾಣಿಯವರ ಮೇಜಿನ ಮುಂದೆ ನಿಂತೆ. ಬೈರಮ್ಮನೂ ಬಂದಳು. ಕೂತ್ಕೊಳ್ಳಿ ಅಂದರು. ಮರ್ಯಾದಸ್ಥರು. ಅದೇ ಉರಿ.

"ನೋಡಮ್ಮಾ, ಚಿಕಿತ್ಸೆಯಿಂದ ಲಾಭ ಆಗುತ್ತಾ ಇಲ್ವಾ ಅಂತ ಗೊತ್ತಾಗ್ಬೇಕು. ಅದಕ್ಕೆ, ಕೊಟ್ಟ ಮಕ್ಳೂ ಬೇಕು, ಕೊಡದೇ ಇರೋ ಮಕ್ಳೂ ಬೇಕು. ಎರಡನ್ನೂ ಹೋಲಿಸ್ಬೇಕು. ಇಲ್ದಿದ್ರೆ ಅದು ವಿಜ್ಞಾನವೇ ಅಲ್ಲ."

"ಯಾರು ಯಾವ ಕೋಣೆ ಅಂತ ಹೇಗೆ ತೀರ್ಮಾನ ಮಾಡಿದ್ರಿ ಸಾರ್? ಚೀಟಿ ಎತ್ತಿದ್ರಾ?"

ಕನ್ನಡಕ ತೆಗೆದು ಒರೆಸಿದರು. "ವಾರಕ್ಕೆ ಮೂರು ಸಲ ಬರೋ ಅನುಕೂಲ ಇರೋರನ್ನ ಒಂದು ಕಡೆ… ನಿಮ್ ಕಡೆಯೋರು ಮಧ್ಯದಲ್ಲೇ ಬಿಟ್ಬಿಡ್ತಾರೆ. ಅನುಭವದ ಮಾತು, ತಪ್ಪು ತಿಳ್ಕೋಬೇಡಿ."

"ಒಂದು ಮಂಗಳವಾರ ತಪ್ಪಿದ್ದಕ್ಕೆ ರಜೆ ಹಾಕಿ ಶುಕ್ರವಾರ ಬಂದೋಳು ನಾನು."

ಮುಂದಿದ್ದ ಫೈಲು ಮುಚ್ಚಿ ಪಕ್ಕಕ್ಕೆ ಸರಿಸಿದರು.

"ನಮ್ಗೆ ಹೇಳ್ಬೇಕಾಗಿತ್ತಲ್ವಾ?"

"ಹೇಳಿದ್ರೆ ನೀವು ಬರ್ತಿರ್ಲಿಲ್ಲ."

ಅಷ್ಟು ಸಲೀಸು. ಪಕ್ಕದಲ್ಲಿ ಬೈರಮ್ಮ, "ಅಂಗಾರೆ ನಮ್ಮೈಕ್ಳು ಬೆದರುಬೊಂಬೆಗಳಾ ಸೋಮಿ?" ಅಂದಳು.

ಬಿಡಲಿಲ್ಲ. ಕೊನೆಗೆ ಒಪ್ಪಿದ್ದು: ಅಕ್ಟೋಬರಿನಿಂದ ಕೋಣೆ ಬದಲು. ನಮ್ಮ ಮಕ್ಕಳಿಗೂ ಮೇಡಂ, ಕನ್ನಡಿ. ಸೆಪ್ಟೆಂಬರ್ 18ಕ್ಕೆ ಯೋಜನೆಯ ಸಮಿತಿ ಸೇರಿ ಅದನ್ನು ಗಟ್ಟಿ ಮಾಡುತ್ತದೆ. ಸಮಿತಿಯಲ್ಲಿ ನಮ್ಮ ಪರ ಒಬ್ಬರು ಕೂರಬಹುದು. "ಒಬ್ರು ಮಾತ್ರ. ಗಲಾಟೆ ಬೇಡ."

ಬಾಗಿಲ ಹತ್ತಿರ ಮತ್ತೆ ಕರೆದು — "ಅಲ್ಲೀವರ್ಗೂ ಮನೇಲಿ ನೀವಾಗಿ ಏನೂ ಕಲಿಸ್ಬೇಡಿ. ಲೆಕ್ಕ ಕೆಡುತ್ತೆ."

ಜುಲೈ 11, ಭಾನುವಾರ

ಸಂಘದಲ್ಲಿ ಇಟ್ಟೆ. ಶಿವಲಿಂಗಯ್ಯಣ್ಣನ ಕಣ್ಣು ಕೆಂಪಾಯಿತು. ಮೇಜು ಗುದ್ದಿದ. "ನಮ್ಮ ಮಕ್ಕಳು ಇಲಿಗಳಲ್ಲ!" ಸಮಿತಿಗೆ ಅವನೇ ಹೋಗುವುದೆಂದು ಠರಾವು. ಎಲ್ಲರೂ ಕೈ ಎತ್ತಿದೆವು. ಬಹಳ ದಿನದ ಮೇಲೆ ಎದೆ ಹಗುರ.

ಆಗಸ್ಟ್ 15, ಭಾನುವಾರ

ಶಾಲೆಯಲ್ಲಿ ಬಾವುಟ. ಹೊನ್ನಿಯನ್ನೂ ಕರೆದುಕೊಂಡು ಹೋಗಿದ್ದೆ. ಬ್ಯಾಂಡ್ ಶಬ್ದಕ್ಕೆ ಕಿವಿ ಮುಚ್ಚಿ ಕಿರುಚಿದಳು. ಹೆಡ್ಮಾಸ್ಟರು ರಾಷ್ಟ್ರಗೀತೆ ಮುಗಿಯುವವರೆಗೂ ಕಣ್ಣಲ್ಲೇ ಸುಟ್ಟರು. ಸ್ವಾತಂತ್ರ್ಯ ಬಂದದ್ದು ಕಿರುಚದವರಿಗೆ.

ಮಧ್ಯಾಹ್ನ ಆಶ್ಚರ್ಯ. ಕೋಕಿಲಾ ನಮ್ಮ ಮನೆಗೇ ಬಂದರು. ಗಲ್ಲಿ ಗಲ್ಲಿ ಕೇಳಿಕೊಂಡು, ಬಟ್ಟೆಯಲ್ಲಿ ಸುತ್ತಿದ ಕನ್ನಡಿ ಕಂಕುಳಲ್ಲಿ ಇಟ್ಟುಕೊಂಡು.

ಅತ್ತೆ ಶುರು ಮಾಡಿದರು. "ಬಸವನಗುಡಿ ಅಮ್ಮಾವ್ರು ಕಾಫಿ ಕುಡೀತೀರೋ, ಇಲ್ಲಾ ಬಾಳೇಹಣ್ಣೇ ಸಾಕೋ?" ನಮ್ಮ ಕೇರಿಗೆ ಬರುವ ದೊಡ್ಡ ಮನೆಯವರು ಸಿಪ್ಪೆ ಇರುವ ಹಣ್ಣು ಮಾತ್ರ ಮುಟ್ಟುತ್ತಾರೆಂದು ಅತ್ತೆಗೆ ಗೊತ್ತು.

ಕೋಕಿಲಾ ಮುಖ ಕೆಂಪು. "ಕಾಫೀನೇ ಕೊಡಿ ಅಮ್ಮ. ಸಕ್ಕರೆ ಕಮ್ಮಿ."

ಕುಡಿದರು. ಲೋಟ ತಾವೇ ತೊಳೆಯಲು ಎದ್ದರು, ಅತ್ತೆ ಕಿತ್ತುಕೊಂಡರು. ಆಮೇಲೆ ಕನ್ನಡಿ ನೆಟ್ಟಗೆ ನಿಲ್ಲಿಸಿ, ಮೇಡಂ ಹೇಗೆ ಮಾಡುತ್ತಾರೋ ಹಾಗೇ ತೋರಿಸಿದರು. ಮಗುವಿನ ಅಂಗೈಗೆ ಉಸಿರು ತಾಗಬೇಕು. ಪ ಅಂದಾಗ ಗಾಳಿ ಬರುತ್ತದೆ, ಮ ಅಂದಾಗ ಬರುವುದಿಲ್ಲ. ಅದು ಮಗುವಿಗೆ ಆಟ.

"ಮನೇಲಿ ಕಲಿಸ್ಬಾರ್ದು ಅಂದಿದಾರೆ," ಅಂದೆ.

"ನಂಗೆ ಕಲಿಸ್ಲೇಬೇಕು ಅಂದಿದಾರೆ ರೀ. ದಿನಾ ಎರಡು ಸಲ."

ಹೊನ್ನಿಯನ್ನು ಎಳೆದು ಕನ್ನಡಿ ಮುಂದೆ ಮಡಿಲಲ್ಲಿ ಕೂರಿಸಿಕೊಂಡೆ.

ಕನ್ನಡಿ ನಮ್ಮಲ್ಲೇ ಬಿಟ್ಟು ಹೊರಡುವಾಗ ಹೇಳಿದರು — ಸೆಪ್ಟೆಂಬರ್ ಹದಿನೆಂಟರ ಸಭೆಗೆ ಅವರನ್ನೂ ಕರೆದಿದ್ದಾರೆ, ಅನುಭವ ಹೇಳಲು. "ಹಿಂದಿನ ಕೋಣೆ ಮಕ್ಳಿಗೂ ಕೊಡಿ ಅಂತ ನಾನು ಹೇಳ್ತೀನಿ. ಹೇಳೇ ಹೇಳ್ತೀನಿ ಅಂಜಿನಮ್ಮ."

ಆಗಸ್ಟ್ 29, ಭಾನುವಾರ

ಪ.

ಹೊನ್ನಿ ಪ ಅಂದಳು. ತುಟಿ ಸೇರಿಸಿ, ಗಾಳಿ ಬಿಟ್ಟು, ನನ್ನ ಅಂಗೈ ಮೇಲೆ. ಆಮೇಲೆ ನನ್ನ ಕೈ ಎತ್ತಿ ಅಪ್ಪನ ಮುಖದ ಮುಂದೆ ಹಿಡಿದು, ಅವನೂ ಅನ್ನಲಿ ಎಂದು ಕಾದಳು. ಕಾದಳು! ಯಾರಿಗೂ ಕಾಯದವಳು. ಓಬಳಪ್ಪ ಪ ಪ ಪ ಎನ್ನುತ್ತ ಅಳುತ್ತಿದ್ದ.

ಬರುತ್ತದೆ. ಇವಳಿಗೆ ಬರುತ್ತದೆ. ಕನ್ನಡಿ ತುಂಡೊಂದು ಇಟ್ಟುಕೊಂಡು, ಏನೂ ಗೊತ್ತಿಲ್ಲದ ನಾನು ಇಷ್ಟು ಮಾಡಿದರೆ, ಗೊತ್ತಿರುವವರು ಮಾರ್ಚಿನೊಳಗೆ ಎಷ್ಟು ಮಾಡಬಹುದು? ಅಕ್ಟೋಬರ್ ಬರಲಿ.

ಸೆಪ್ಟೆಂಬರ್ 12, ಭಾನುವಾರ

ಸಭೆಗೆ ತಯಾರಿ. ತಾನೂ ಒಳಗೆ ಬರುತ್ತೇನೆಂದು ಬೈರಮ್ಮನ ಹಟ.

ಶಿವಲಿಂಗಯ್ಯಣ್ಣ: "ಬೇಡಕ್ಕ. ಹತ್ತು ಜನ ಹತ್ತು ಮಾತಾಡಿದ್ರೆ ಅವ್ರು ಒಡೀತಾರೆ. ಒಂದೇ ದನಿ. ಶಿಸ್ತು."

ಸಂಘದ ಪದ್ಧತಿ ಅದು. ವಕ್ತಾರ ಮಾತಾಡುತ್ತಾನೆ, ಉಳಿದವರು ಹೊರಗೆ ಸಾಲಾಗಿ, ಶಬ್ದ ಮಾಡದೆ ನಿಲ್ಲುತ್ತಾರೆ. ಆ ಮೌನಕ್ಕೆ ಅಧಿಕಾರಿಗಳು ಹೆದರುತ್ತಾರೆ. ಎಷ್ಟು ಕಡೆ ಗೆದ್ದಿದ್ದೇವೆ ಹೀಗೆ. ಬೈರಮ್ಮ ಗೊಣಗಿದಳು, "ಮಾತು ಬರ್ದಿರೋ ಮಕ್ಳ ಅವ್ವಂದ್ರೂ ಮಾತಾಡ್ಬಾರ್ದಾ?" ನಾನೇ ಸುಮ್ಮನಿರಿಸಿದೆ.

ಸೆಪ್ಟೆಂಬರ್ 18, ಶನಿವಾರ

ಬೆಳಿಗ್ಗೆಯಿಂದ ಆ ಮನೆಯ ಅಂಗಳದಲ್ಲಿ, ಸಂಪಿಗೆ ಮರದ ಕೆಳಗೆ ಸಾಲಾಗಿ ನಿಂತಿದ್ದೆವು. ಶಿಸ್ತು. ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದಿದ್ದೆವು, ಗಲಾಟೆಯಾಗಬಾರದೆಂದು. ಕಾರುಗಳು ಬಂದವು. ಕೋಕಿಲಾ ಬಂದರು, ರೇಷ್ಮೆ ಸೀರೆ. ನಮ್ಮನ್ನು ನೋಡಿ ತಲೆಯಾಡಿಸಿ ಒಳಗೆ ಹೋದರು. ಒಳಗೆ ನಗು. ಕಪ್ಪು ಬಸಿಯ ಸದ್ದು.

ಮೊದಲು ಹೊರಗೆ ಬಂದವರು ಕೋಕಿಲಾ. ಈ ಸಲ ತಲೆಯಾಡಿಸಲಿಲ್ಲ. ಸೆರಗು ಹೊದ್ದು ಗೇಟಿನ ಕಡೆಗೆ ನಡೆದೇಬಿಟ್ಟರು.

ಆಮೇಲೆ ಅವನು, ಶಿವಲಿಂಗಯ್ಯ.

"ಏನಾಯ್ತಣ್ಣ?"

"ಒಳ್ಳೇದೇ ಆಯ್ತು. ಚಿಕಿತ್ಸೆಯಿಂದ ಲಾಭ ಇದೆ ಅಂತ ಸಾಬೀತಾಗಿದೆ. ದೊಡ್ಡ ವಿಷ್ಯ ಅಕ್ಕಾ. ವರದಿ ದೆಹಲಿಗೆ ಹೋಗುತ್ತೆ."

"ನಮ್ ಮಕ್ಳಿಗೆ ಅಕ್ಟೋಬರಿಂದ?"

"ಫಲಿತಾಂಶ ಬಂದ್ಬಿಡ್ತಲ್ಲ, ಯೋಜನೆ ಇಲ್ಲಿಗೆ ಮುಗೀತು. ಮುಂದಿನ ಹಂತ ದೆಹಲಿಯೋರು ನೋಡ್ತಾರೆ."

"ನೀನೇನಂದೆ?"

"ಒಮ್ಮತ ಬೇಕು ಅಂದ್ರು. ನನ್ನೊಬ್ನಿಂದ ವರದಿ ನಿಲ್ಬಾರ್ದು ಅಂತ…"

"ನೀನು ಒಪ್ಕೊಂಡೆ."

"ತಾಳ್ಮೆ ಬೇಕಕ್ಕ."

ಚಿಕಿತ್ಸೆ ಪಡೆದ ಮಕ್ಕಳು ಮಾತಾಡಿದರು. ಪಡೆಯದ ಮಕ್ಕಳು ಮಾತಾಡಲಿಲ್ಲ. ಆದ್ದರಿಂದ ಚಿಕಿತ್ಸೆ ಒಳ್ಳೆಯದು. ನಮ್ಮ ಮಕ್ಕಳ ಬಾಯಿ ಮುಚ್ಚಿದ್ದೇ ಅವರಿಗೆ ಪುರಾವೆ. ಪುರಾವೆ ಸಿಕ್ಕ ಮೇಲೆ ಆ ಮಕ್ಕಳು ಯಾಕೆ ಬೇಕು?

ಒಳಗೆ ಅಷ್ಟೆಲ್ಲ ನಡೆಯುತ್ತಿದ್ದಾಗ ನಾವು ಹೊರಗೆ, ಮರದ ಕೆಳಗೆ, ಉಸಿರೆತ್ತದೆ ನಿಂತಿದ್ದೆವು. ಥೂ.

ಸೆಪ್ಟೆಂಬರ್ 21, ಮಂಗಳವಾರ

ಹೊನ್ನಿಗೆ ಮಂಗಳವಾರ ಗೊತ್ತು. ಹೇಗೆ ಗೊತ್ತೋ. ಶಾಲೆಯಿಂದ ಬರುವಷ್ಟರಲ್ಲಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೇಡ ಅಂದರೆ ತಲೆ ಚಚ್ಚಿಕೊಂಡಳು. ಕರೆದುಕೊಂಡು ಹೋದೆ.

ನೀಲಿ ಬೋರ್ಡು ಇರಲಿಲ್ಲ. ಗೇಟಿಗೆ ಸರಪಳಿ. ‘ಮನೆ ಬಾಡಿಗೆಗೆ ಇದೆ’ ಎಂದು ಬರೆದ ರಟ್ಟು. ಕಿಟಕಿಯೊಳಗೆ ಬರೀ ಗೋಡೆ. ಕನ್ನಡಿಯನ್ನೂ ಒಯ್ದಿದ್ದರು.

ಹೊನ್ನಿ ಗೇಟಿನ ಸರಳು ಹಿಡಿದು, "ರೈಟ್. ರೈಟ್. ರೈಟ್." ದಾರಿಹೋಕರು ನಿಂತು ನೋಡಿದರು. ಎಳೆದರೆ ನನ್ನ ತೋಳು ಕಚ್ಚಿದಳು. ಹೂವಿನ ಬುಟ್ಟಿ ಹೊತ್ತು ಬರುತ್ತಿದ್ದ ಬೈರಮ್ಮ ಬುಟ್ಟಿಯನ್ನು ಅಲ್ಲೇ ಇಳಿಸಿ ಹೊನ್ನಿಯನ್ನು ಹೊತ್ತುಕೊಂಡಳು. ಬುಟ್ಟಿ ನನ್ನ ತಲೆಗೆ. ಹಾಗೇ ಗುಟ್ಟಹಳ್ಳಿ ತಲುಪಿದೆವು.

ಹಲ್ಲಿನ ಗುರುತು ಕಪ್ಪಾಗಿದೆ.

ಸೆಪ್ಟೆಂಬರ್ 26, ಭಾನುವಾರ

ಸಂಘದ ಸಭೆಗೆ ಹೋದರೆ ಹಾರ, ಶಾಲು. ಸರ್ಕಾರ ಅಂಗವಿಕಲರ ಕಲ್ಯಾಣಕ್ಕೆಂದು ಹೊಸ ಸಲಹಾ ಮಂಡಳಿ ಮಾಡಿದೆ. ಅದಕ್ಕೆ ಶಿವಲಿಂಗಯ್ಯ ಸದಸ್ಯ. ಹೆಸರು ಸೂಚಿಸಿದವರು ಡಾಕ್ಟರ್ ಚಕ್ರಪಾಣಿ. ಅವನೇ ಹೆಮ್ಮೆಯಿಂದ ಹೇಳಿದ. ಮುಚ್ಚಿಡಬೇಕು ಎಂದು ಕೂಡ ಅನಿಸಿರಲಿಲ್ಲ ಅವನಿಗೆ!

ಎದ್ದು ನಿಂತೆ.

"ಸದಸ್ಯರೆ, ಒಂದು ಪ್ರಶ್ನೆ. ಒಮ್ಮತ ಕೊಟ್ಟಿದ್ದಕ್ಕೆ ಸಿಕ್ಕಿದ್ದಾ ಇದು?"

"ಅಕ್ಕಾ, ಒಳಗೆ ಒಬ್ರು ಇರ್ಬೇಕು. ಇದ್ರೆ ನಾಳೆ ನಮ್ಗೇ ಉಪಯೋಗ."

"ನಿನ್ ನಾಳೆ ಬರೋಷ್ಟ್ರಲ್ಲಿ ನನ್ ಮಗಳಿಗೆ ಏಳು ತುಂಬುತ್ತೆ."

"ಭೂಮಿ ಹೋರಾಟ ಇದೆ, ಹಾಸ್ಟೆಲ್ ಹೋರಾಟ ಇದೆ. ಇಷ್ಟರ ಮಧ್ಯೆ ನಿಮ್ಮ ವೈಯಕ್ತಿಕ…"

"ವೈಯಕ್ತಿಕ? ‘ನಮ್ಮ ಮಕ್ಕಳು ಇಲಿಗಳಲ್ಲ’ ಅಂತ ಮೇಜು ಗುದ್ದಿದ್ಯಲ್ಲೋ. ಯಾವ ಮಕ್ಳು? ಭಾಷಣದ ಮಕ್ಳಾ?"

"ಶಿಸ್ತಕ್ಕ. ಶಿಸ್ತು."

"ಇಲಿ ಆದ್ರೂ ಸಾಯೋವಾಗ ಕಿರುಚುತ್ತೆ. ನಮ್ಮನ್ನ ನಿನ್ನ ಶಿಸ್ತು ಅದಕ್ಕೂ ಬಿಡ್ಲಿಲ್ಲ."

ಯಾರೋ ಕೂರಿಸಲು ಬಂದರು. ನಾನೇ ಹೊರಗೆ ಬಂದೆ. ಹಿಂದೆಯೇ ಬೈರಮ್ಮ. "ಆ ಹಾರ ನಾನೇ ಕಟ್ಟಿದ್ದು ಕಣಕ್ಕ. ಯಾರ್ಗೆ ಅಂತ ಗೊತ್ತಿದ್ರೆ ತುರಚೆ ಸೊಪ್ಪಲ್ಲಿ ಕಟ್ತಿದ್ದೆ." ರಸ್ತೆ ಮಧ್ಯೆ ನಿಂತು ಇಬ್ಬರೂ ನಕ್ಕೆವು. ನಗು ಅಳುವಾಗಲು ತಡವಾಗಲಿಲ್ಲ.

ಸರ್ಕಾರ ಮೋಸ ಮಾಡಿದರೆ ಎದೆಗೆ ಕಲ್ಲು ಬಿದ್ದ ಹಾಗೆ. ಎತ್ತಿ ಬಿಸಾಡಬಹುದು. ಇವನು… ಘೋಷಣೆ ಕೂಗುವುದನ್ನು ಕಲಿಸಿದವನೇ ಬಾಯಿ ಮುಚ್ಚಿಸಿದ. ಇದನ್ನು ಎಲ್ಲಿ ಬಿಸಾಡಲಿ?

ಸೆಪ್ಟೆಂಬರ್ 28, ಮಂಗಳವಾರ

ಅತ್ತೆ ಹೊನ್ನಿಯನ್ನು ಮಾರಮ್ಮನ ಗುಡಿಗೆ ಕರೆದುಕೊಂಡು ಹೊರಟರು. ಹಣೆಗೆ ಭಂಡಾರ, ಕೈಯಲ್ಲಿ ಬೇವು. ಇಷ್ಟು ವರ್ಷ ಅಡ್ಡ ನಿಂತವಳು ನಾನು. ಇವತ್ತೂ ನಿಂತೆ.

"ಬುಡು ದಾರಿ. ಮಾರಮ್ಮ ಮಾತು ಕೊಡದೇ ಇರ್ಬೋದು. ಕೊಡ್ತೀನಿ ಅಂತ ಸುಳ್ಳಂತೂ ಹೇಳಿಲ್ಲ."

ಬಿಟ್ಟೆ. ಮಾರಮ್ಮನಲ್ಲಿ ನನಗೆ ಇವತ್ತಿಗೂ ನಂಬಿಕೆಯಿಲ್ಲ. ಕನ್ನಡಿಯಲ್ಲಿದೆ. ಆ ಮೇಡಂ ಕಲಿತ ವಿದ್ಯೆಯಲ್ಲಿದೆ. ವಿಜ್ಞಾನ ಸುಳ್ಳಲ್ಲ — ಹೊನ್ನಿಯ ತುಟಿಯ ಮೇಲೆ ನೋಡಿದ್ದೇನೆ. ಅದಕ್ಕೇ ಹೊಟ್ಟೆ ಉರಿಯುವುದು. ಸುಳ್ಳಾಗಿದ್ದರೆ ಮರೆತುಬಿಡುತ್ತಿದ್ದೆ.

ಪ ನಿಂತುಹೋಗಿದೆ. ಬೀಗದ ಗೇಟು ನೋಡಿ ಬಂದಾಗಿನಿಂದ ಕನ್ನಡಿ ಕಂಡರೆ ಮುಖ ತಿರುಗಿಸುತ್ತಾಳೆ.

ಅಕ್ಟೋಬರ್ 5, ಮಂಗಳವಾರ

ಕೋಕಿಲಾ ಬಂದರು. ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ಮಾತು.

"ಹೇಳೋಕೆ ಹೋದೆ ಅಂಜಿನಮ್ಮ. ಬಾಯಿ ಬರ್ಲಿಲ್ಲ."

"ಬಾಯಿ ಬರ್ದೇ ಇರೋರು ನಿಮ್ಮನೇಲಿ ಒಬ್ರಿದ್ರು. ಅವ್ನಿಗೆ ಬಂತಲ್ಲ."

"ಮೇಡಂನ ನಾವು ಕೆಲವರು ಮನೆಗೇ ಕರೆಸ್ಕೊಳ್ಳೋದು ಅಂತ ಮಾತಾಗಿತ್ತು. ಚಕ್ರಪಾಣಿಯವ್ರೇ ಮಾಡ್ಸಿಕೊಡ್ತೀನಿ ಅಂದಿದ್ರು. ನಾನು ಎದುರು ಮಾತಾಡಿದ್ರೆ ರಾಮೂಗೆ ತಪ್ಪಿಹೋಗುತ್ತೆ ಅಂತ ಹೆದ್ರಿಕೆ ಆಯ್ತು…"

ಬೈಯಲು ಬಾಯಿ ತೆರೆದೆ. ಹೊನ್ನಿಗೆ ಅಂಥ ಕುರ್ಚಿ ಸಿಕ್ಕಿದ್ದರೆ ನಾನು ಎದ್ದು ನಿಲ್ಲುತ್ತಿದ್ದೆನೇ? ನಿಲ್ಲುತ್ತಿದ್ದೆ ಎಂದು ಬರೆದುಕೊಳ್ಳಬೇಕೆನಿಸುತ್ತದೆ. ಬರೆಯುವುದಿಲ್ಲ.

ಒಂದು ಸುದ್ದಿ ತಂದಿದ್ದರು. ದೆಹಲಿಯ ಅಧಿಕಾರಿ ಬರುತ್ತಾರೆ, ಮುಂದಿನ ಹಂತ ಬೇಕೋ ಬೇಡವೋ ಎಂದು ನಿರ್ಧರಿಸಲು. ಸೋಮವಾರ, ಚಾಮರಾಜಪೇಟೆಯ ಸರ್ಕಾರಿ ಕಚೇರಿಯಲ್ಲಿ. ಚಕ್ರಪಾಣಿ ಇರುತ್ತಾರೆ, ಮಂಡಳಿಯ ಸದಸ್ಯರೂ ಇರುತ್ತಾರೆ. ‘ಹಿಂದಿನ ಕೋಣೆಯ ಪೋಷಕರಿಗೆ ತಕರಾರಿಲ್ಲ’ ಎಂದು ಹೇಳುವವನೂ ಶಿವಲಿಂಗಯ್ಯನೇ.

"ನೀವೂ ಬನ್ನಿ," ಅಂದೆ. "ರಾಮೂನ ಕರ್ಕೊಂಡು. ಕುರ್ಚೀಲಲ್ಲ, ನಮ್ ಜೊತೆ."

"ನಮ್ಮನೇಲಿ ಕೇಳ್ತೀನಿ," ಅಂದರು.

ಅಕ್ಟೋಬರ್ 10, ಭಾನುವಾರ

ನಲ್ಲಿಕಟ್ಟೆಯಲ್ಲಿ ಸೇರಿದೆವು. ಸಂಘದ ಬ್ಯಾನರ್ ಇಲ್ಲ. ಹಿಂದಿನ ಕೋಣೆಯ ತಾಯಂದಿರೆಲ್ಲ ಇದ್ದರು. ಓಬಳಪ್ಪ ಡ್ಯೂಟಿ ಬದಲಾಯಿಸಿಕೊಂಡಿದ್ದಾನೆ. ಅತ್ತೆಯೂ ಬಂದು ಕಟ್ಟೆಯ ಮೇಲೆ ಕೂತರು, ಕರೆಯದೆ.

ಯಾರು ಮಾತಾಡುವುದು ಎಂಬ ಪ್ರಶ್ನೆ ಬಂತು. ಎಲ್ಲರೂ ನನ್ನ ಕಡೆ ನೋಡಿದರು. ಆ ನೋಟ ನನಗೆ ಗೊತ್ತು. ಶಿವಲಿಂಗಯ್ಯನನ್ನೂ ನಾವು ಹೀಗೇ ನೋಡಿದ್ದೆವು.

"ನಾನು ಹೊನ್ನಿ ಬಗ್ಗೆ ಮಾತಾಡ್ತೀನಿ. ಚಲುವರಾಜು ಬಗ್ಗೆ ನೀನೇ ಮಾತಾಡ್ಬೇಕು ಬೈರಮ್ಮ."

"ಅಯ್ಯೋ ನಂಗೆ ಬರಲ್ಲ ಕಣಕ್ಕ."

"ಗಿರಾಕಿ ಹತ್ರ ಬರುತ್ತಲ್ಲ?"

"ಅದು ಬೈಗುಳ."

"ಅದನ್ನೇ ಬೈಯಿ."

ನಗು. ಆಮೇಲೆ ತೀರ್ಮಾನ. ವಕ್ತಾರ ಇಲ್ಲ. ಸಾಲು ಇಲ್ಲ. ಹೊರಗೆ ನಿಲ್ಲುವುದಿಲ್ಲ. ಮಕ್ಕಳನ್ನು ಮನೆಯಲ್ಲಿ ಬಿಡುವುದಿಲ್ಲ. ಕಿರುಚುವವರು ಕಿರುಚಲಿ, ಮೇಜು ಹತ್ತುವವರು ಹತ್ತಲಿ. ‘ತಕರಾರಿಲ್ಲ’ ಎಂದು ಅವನು ಹೇಳುವಾಗ ಆ ಸದ್ದಿನ ಮಧ್ಯೆ ಹೇಳಲಿ. ಕೇಳುವುದು ಒಂದೇ: ಮೇಡಂ, ಕನ್ನಡಿ, ವಾರಕ್ಕೆ ಮೂರು ದಿನ. ಮಾರ್ಚಿನವರೆಗೆ ಕಾಯುವುದಿಲ್ಲ.

ಹೆಡ್ಮಾಸ್ಟರಿಗೆ ರಜೆಚೀಟಿ ಬರೆದಾಯಿತು. ಕೋಕಿಲಾ ಬರುತ್ತೇನೆಂದೂ ಹೇಳಿಕಳಿಸಿಲ್ಲ, ಬರುವುದಿಲ್ಲವೆಂದೂ ಇಲ್ಲ. ಹೊನ್ನಿ ನನ್ನ ಕೈಯಿಂದ ಪೆನ್ನು ಎಳೆಯುತ್ತಿದ್ದಾಳೆ. ಇಷ್ಟು ಬರೆದುಬಿಡುತ್ತೇನೆ —

ಸಭೆ: ನಾಳೆ, ಸೋಮವಾರ. ಬೆಳಿಗ್ಗೆ ಹನ್ನೊಂದು ಗಂಟೆ. ಒಳಗೆ, ಎಲ್ಲರೂ